ವಿನ್‌ಲ್ಯಾಂಡ್ ತಲುಪಿದವರು ಅಲ್ಲೇ ಏಕೆ ನೆಲೆ ನಿಲ್ಲಲಿಲ್ಲ?

ಕಡಲಹಕ್ಕಿ:

ಕೊಲಂಬಸ್‌ಗಿಂತ ಸುಮಾರು ಐದು ಶತಮಾನ ಮೊದಲೇ ನಾರ್ಸ್ ಜನರು, ಅಂದರೆ ವೈಕಿಂಗರ ಕಾಲದ ಸ್ಕ್ಯಾಂಡಿನೇವಿಯದವರು, ಉತ್ತರ ಅಮೆರಿಕದ ನೆಲದ ಮೇಲೆ ಕಾಲಿಟ್ಟಿದ್ದರು ಎಂಬುದು ಈಗ ವಿವಾದವಾಗಿ ಉಳಿದಿಲ್ಲ. ಆದರೆ ಈ ವಿಷಯ ಎತ್ತುವವರು ಬಹುತೇಕ ‘ಯಾರು ಮೊದಲು’ ಎಂಬಲ್ಲಿಗೇ ಮಾತು ಮುಗಿಸಿಬಿಡುತ್ತಾರೆ. ನನ್ನನ್ನು ಕಾಡುತ್ತಿರುವ ಪ್ರಶ್ನೆ ಅದಲ್ಲ.

ನಾರ್ವೆಯಿಂದ ಹೊರಟವರು ಒಂಬತ್ತನೆಯ ಶತಮಾನದಲ್ಲಿ ಫೇರೋ ದ್ವೀಪಗಳಲ್ಲಿ ಬೇರೂರಿದರು. 870ರ ದಶಕದಿಂದ ಐಸ್‌ಲ್ಯಾಂಡಿನಲ್ಲಿ ಮನೆ ಕಟ್ಟಿದರು. 930ರ ವೇಳೆಗೆ ಅಲ್ಲಿ ಆಲ್ಥಿಂಗ್ ಎಂಬ ಮಹಾಸಭೆ ಸೇರುವಷ್ಟು ಜನ ತುಂಬಿದ್ದರು. ಕೊಲೆಯ ಅಪರಾಧಕ್ಕಾಗಿ ಮೂರು ವರ್ಷ ಗಡೀಪಾರಾದ ಕೆಂಪು ಎರಿಕ್ ಆ ಮೂರು ವರ್ಷಗಳನ್ನು ಪಶ್ಚಿಮದ ಹೊಸ ನೆಲವನ್ನು ಸುತ್ತಿ ನೋಡುವುದರಲ್ಲಿ ಕಳೆದು, ಹಿಂದಿರುಗಿ, ಒಳ್ಳೆಯ ಹೆಸರಿಟ್ಟರೆ ಜನ ಬರಲು ಮನಸ್ಸು ಮಾಡುತ್ತಾರೆ ಎಂದು ಅದಕ್ಕೆ ‘ಹಸಿರು ನಾಡು’ ಎಂದು ಹೆಸರಿಟ್ಟ. 985ರ ಸುಮಾರಿಗೆ ಅವನ ಹಿಂದೆ 25 ಹಡಗುಗಳು ಹೊರಟವು. ತಲುಪಿದವು 14 ಮಾತ್ರ ಎಂದು ಸಾಗಾ, ಅಂದರೆ ಐಸ್‌ಲ್ಯಾಂಡಿನ ಹಳೆಯ ಗದ್ಯಕಥೆ, ಹೇಳುತ್ತದೆ. ಆ ಹದಿನಾಲ್ಕು ಹಡಗುಗಳ ಜನ ಕಟ್ಟಿದ ಗ್ರೀನ್‌ಲ್ಯಾಂಡಿನ ಬದುಕು ಹೆಚ್ಚುಕಡಿಮೆ 450 ವರ್ಷ ನಡೆಯಿತು.

ಅಲ್ಲಿಂದ ಇನ್ನೊಂದು ಹೆಜ್ಜೆ ಇಟ್ಟಾಗ ಸಿಕ್ಕಿದ್ದು ಉತ್ತರ ಅಮೆರಿಕದ ವಿನ್‌ಲ್ಯಾಂಡ್. ಗ್ರೀನ್‌ಲ್ಯಾಂಡಿನಲ್ಲಿ ಹಡಗು ಕಟ್ಟುವಂಥ ಮರವಿಲ್ಲ, ಇಲ್ಲಿ ಕಾಡೇ ಇದೆ. ಅಲ್ಲಿ ಚಳಿಗಾಲಕ್ಕೆ ಒಣಹುಲ್ಲು ಕೂಡಿಡುವುದೇ ಜೀವನ್ಮರಣದ ಪ್ರಶ್ನೆ, ಇಲ್ಲಿ ದನಗಳು ಹೊರಗೇ ಮೇಯುತ್ತವೆ ಎಂದು ಸಾಗಾದವರೇ ಬೆರಗಾಗುತ್ತಾರೆ. ಹೀಗಿದ್ದೂ ಬಡ ನೆಲದಲ್ಲಿ ನಾಲ್ಕೂವರೆ ಶತಮಾನ ಕಚ್ಚಿಕೊಂಡು ಬದುಕಿದವರು ಸಮೃದ್ಧ ನೆಲವನ್ನು ಕೆಲವೇ ವರ್ಷಗಳಲ್ಲಿ ಬಿಟ್ಟು ಬಂದರು. ಅಲ್ಲಿನ ಮೂಲನಿವಾಸಿಗಳ ಭಯವೇ ಕಾರಣ ಎಂದು ಸಾಗಾ ಹೇಳುತ್ತದೆ. ಅಷ್ಟೇ ಕಾರಣವೇ? ಬಲ್ಲವರು ದಯವಿಟ್ಟು ಬರೆಯಬೇಕು.

ಹಳೆಮೇಷ್ಟ್ರು:

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಹೋಗುವ ಮೊದಲು, ನಾವು ಯಾವ ಆಧಾರದ ಮೇಲೆ ಮಾತನಾಡುತ್ತಿದ್ದೇವೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಇತಿಹಾಸ ಪಾಠ ಹೇಳಿದವನ ಹಳೆಯ ಚಾಳಿ, ಕ್ಷಮಿಸಿ.

ವಿನ್‌ಲ್ಯಾಂಡಿನ ಬಗ್ಗೆ ವಿವರವಾಗಿ ಹೇಳುವ ಸಾಗಾಗಳು ಎರಡು: ‘ಗ್ರೀನ್‌ಲ್ಯಾಂಡಿನವರ ಸಾಗಾ’ ಮತ್ತು ‘ಕೆಂಪು ಎರಿಕನ ಸಾಗಾ’. ಇವೆರಡೂ ಘಟನೆಗಳು ನಡೆದು ಎರಡು ಶತಮಾನಗಳ ಮೇಲೆ ಬರವಣಿಗೆಗೆ ಇಳಿದವು. ನಮಗೆ ಉಳಿದಿರುವ ಪ್ರತಿಗಳು ಹದಿನಾಲ್ಕನೆಯ ಶತಮಾನ ಮತ್ತು ಅನಂತರದವು. ಅಷ್ಟು ಕಾಲ ಕತೆ ಬಾಯಿಂದ ಬಾಯಿಗೆ ಸಾಗಿ ಬಂದಿದೆ. ಆದ್ದರಿಂದಲೇ ಎರಡೂ ಒಂದನ್ನೊಂದು ಒಪ್ಪುವುದಿಲ್ಲ. ಮೊದಲನೆಯದರ ಪ್ರಕಾರ ಆ ನೆಲವನ್ನು ಮೊದಲು ಕಂಡವನು ಬ್ಯಾರ್ನಿ ಹೆರ್ಯೋಲ್ಫ್‌ಸನ್. ದಾರಿ ತಪ್ಪಿ ಕಂಡವನು, ಹಡಗಿನವರು ಎಷ್ಟು ಕೇಳಿಕೊಂಡರೂ ದಡಕ್ಕೆ ಇಳಿಯಲಿಲ್ಲ. ಎರಿಕನ ಮಗ ಲೇಫ್ ಅದೇ ಹಡಗನ್ನು ಕೊಂಡು, ಅದೇ ದಾರಿಯನ್ನು ತಿರುವುಮುರುವಾಗಿ ಹಿಡಿದು ಹೋದ. ಎರಡನೆಯ ಸಾಗಾದಲ್ಲಿ ಬ್ಯಾರ್ನಿಯ ಸುಳಿವೇ ಇಲ್ಲ. ಆಕಸ್ಮಿಕವಾಗಿ ನೆಲ ಕಂಡವನು ಲೇಫ್.

ಇನ್ನೂ ವಿಚಿತ್ರವಾದದ್ದು ಎರಿಕನ ಮಗಳು ಫ್ರೇಯ್ದಿಸಳ ಚಿತ್ರಣ. ಒಂದು ಸಾಗಾದಲ್ಲಿ ಅವಳು ಜೊತೆಗೆ ಬಂದ ಪಾಲುದಾರರನ್ನು ಮೋಸದಿಂದ ಕೊಲ್ಲಿಸಿ, ಹೆಂಗಸರನ್ನು ಕೊಲ್ಲಲು ಗಂಡಸರು ಹಿಂಜರಿದಾಗ ತಾನೇ ಕೊಡಲಿ ಹಿಡಿದು ಐವರನ್ನು ಕಡಿಯುತ್ತಾಳೆ. ಇನ್ನೊಂದರಲ್ಲಿ ಗಂಡಸರು ದಿಕ್ಕಾಪಾಲಾಗಿ ಓಡುವಾಗ ತುಂಬು ಬಸುರಿಯಾದ ಅವಳು ಬಿದ್ದ ಕತ್ತಿಯನ್ನು ಎತ್ತಿಕೊಂಡು, ಎದೆ ತೆರೆದು ಕತ್ತಿಯನ್ನು ಅದರ ಮೇಲೆ ಬಡಿದು ಶತ್ರುಗಳನ್ನು ಬೆದರಿಸಿ ಓಡಿಸುತ್ತಾಳೆ. ಒಬ್ಬಳೇ ಹೆಣ್ಣು ಒಂದೆಡೆ ರಾಕ್ಷಸಿ, ಇನ್ನೊಂದೆಡೆ ವೀರಳು. ಇಂಥ ಆಕರಗಳನ್ನು ಇಟ್ಟುಕೊಂಡು ‘ಭಯದಿಂದ ಬಿಟ್ಟು ಬಂದರು’ ಎಂಬ ಒಂದೇ ವಾಕ್ಯವನ್ನು ಹಾಗೇ ಒಪ್ಪಿಕೊಳ್ಳುವುದು ಸರಿಯಲ್ಲ.

ಆದರೆ ಎರಡೂ ಒಪ್ಪುವ ಕೆಲವು ಅಂಶಗಳಿವೆ. ಮೊದಲು ಹೆಲ್ಲುಲ್ಯಾಂಡ್, ಅಂದರೆ ಚಪ್ಪಡಿಕಲ್ಲಿನ ನಾಡು; ಆಮೇಲೆ ಮಾರ್ಕ್‌ಲ್ಯಾಂಡ್, ಕಾಡಿನ ನಾಡು; ಅದರಾಚೆ ವಿನ್‌ಲ್ಯಾಂಡ್. ಕೆನಡಾದ ಭೂಪಟ ತೆಗೆದು ಬ್ಯಾಫಿನ್ ದ್ವೀಪದಿಂದ ಲ್ಯಾಬ್ರಡಾರ್ ಕರಾವಳಿಯಗುಂಟ ಬೆರಳು ಕೆಳಗಿಳಿಸಿದರೆ ಇದೇ ಕ್ರಮ ಕಾಣುತ್ತದೆ. ಐಸ್‌ಲ್ಯಾಂಡಿನ ವ್ಯಾಪಾರಿ ಥೋರ್ಫಿನ್ ಕಾರ್ಲ್ಸೆಫ್ನಿ ಮತ್ತು ಅವನ ಹೆಂಡತಿ ಗುದ್ರಿದ್ ನೆಲೆ ನಿಲ್ಲುವ ಉದ್ದೇಶದಿಂದ ಹೋದರು, ಅವರಿಗೆ ಸ್ನೋರಿ ಎಂಬ ಮಗ ಅಲ್ಲಿ ಹುಟ್ಟಿದ ಎಂಬುದನ್ನೂ ಎರಡೂ ಹೇಳುತ್ತವೆ. ಸಾಗಾಗಳಿಗಿಂತ ಬಹಳ ಮೊದಲು, 1075ರ ಸುಮಾರಿಗೆ, ಬ್ರೆಮೆನ್‌ನ ಆಡಂ ಎಂಬ ಪಾದ್ರಿ ಲ್ಯಾಟಿನ್‌ನಲ್ಲಿ ಬರೆಯುತ್ತ, ಡೆನ್ಮಾರ್ಕಿನ ರಾಜನ ಬಾಯಿಂದಲೇ ವಿನ್‌ಲ್ಯಾಂಡಿನ ಸುದ್ದಿ ಕೇಳಿದ್ದಾಗಿ ದಾಖಲಿಸಿದ್ದಾನೆ. ಕತೆಯ ಬೆನ್ನುಮೂಳೆ ಗಟ್ಟಿಯಾಗಿದೆ. ಮಾಂಸ ಆಮೇಲೆ ತುಂಬಿದ್ದು.

ಸಂದೇಹಿ:

ಮೇಷ್ಟ್ರೇ, ಬೆನ್ನುಮೂಳೆ ಗಟ್ಟಿಯಾಗಿದೆ ಎನ್ನುವುದನ್ನು ಒಪ್ಪಲು ನನಗೆ ಸ್ವಲ್ಪ ಹಿಂಜರಿಕೆ ಇದೆ. ಈ ಕ್ಷೇತ್ರದಲ್ಲಿ ನಕಲಿ ಸರಕು ಕಡಿಮೆಯೇನಿಲ್ಲ. 1898ರಲ್ಲಿ ಮಿನ್ನೆಸೋಟದ ಹೊಲವೊಂದರಲ್ಲಿ ಸಿಕ್ಕಿದ, ನಾರ್ಸರ ರೂನ್ ಲಿಪಿಯ ಬರಹವಿರುವ ಕೆನ್ಸಿಂಗ್ಟನ್ ಕಲ್ಲನ್ನು ಭಾಷಾತಜ್ಞರು ಹತ್ತೊಂಬತ್ತನೆಯ ಶತಮಾನದ ಕೈವಾಡ ಎಂದು ತಳ್ಳಿಹಾಕಿದರು. 1965ರಲ್ಲಿ ಯೇಲ್ ವಿಶ್ವವಿದ್ಯಾಲಯ ಅಬ್ಬರದಿಂದ ಪ್ರಕಟಿಸಿದ, ಹದಿನೈದನೆಯ ಶತಮಾನದ್ದೆನ್ನಲಾದ ‘ವಿನ್‌ಲ್ಯಾಂಡ್ ನಕ್ಷೆ’ಯ ಶಾಯಿಯಲ್ಲಿ ಇಪ್ಪತ್ತನೆಯ ಶತಮಾನದ ಟೈಟಾನಿಯಂ ಬಣ್ಣವಿದೆ ಎಂದು 2021ರಲ್ಲಿ ಅದೇ ವಿಶ್ವವಿದ್ಯಾಲಯ ಒಪ್ಪಿಕೊಂಡಿತು. ಅಮೆರಿಕಕ್ಕೆ ವಲಸೆ ಹೋದ ಸ್ಕ್ಯಾಂಡಿನೇವಿಯನ್ನರ ಹೆಮ್ಮೆ ಈ ಕತೆಯನ್ನು ಎಷ್ಟು ಊದಿಸಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡವೇ?

ಉತ್ತರದಿಕ್ಕು:

ನಕಲಿಗಳ ಬಗ್ಗೆ ಸಂದೇಹಿಯವರು ಹೇಳಿದ್ದು ಸರಿ. ಆದರೆ ನೆಲದೊಳಗಿಂದ ಬಂದ ಸಾಕ್ಷ್ಯ ಬೇರೆಯೇ ಇದೆ. ಟೊರೊಂಟೊದಲ್ಲಿ ನೆಲೆಸಿರುವ ನಾನು ಕೆಲವು ವರ್ಷಗಳ ಹಿಂದೆ ಕುಟುಂಬದೊಂದಿಗೆ ಆ ಜಾಗವನ್ನು ನೋಡಿ ಬಂದೆ. ನ್ಯೂಫೌಂಡ್‌ಲ್ಯಾಂಡಿನ ಡೀರ್ ಲೇಕ್ ವಿಮಾನ ನಿಲ್ದಾಣದಿಂದ ಉತ್ತರಕ್ಕೆ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ ಕಾರಿನಲ್ಲಿ ಹೋಗಬೇಕು. ದಾರಿಯುದ್ದಕ್ಕೂ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗಿಡ್ಡ ಮರಗಳ ಕಾಡು. ಕೊನೆಗೆ ಸಿಗುವ ಊರೇ ಲಾನ್ಸ್ ಓ ಮೆಡೋಸ್. ನಿಜ ಹೇಳಬೇಕೆಂದರೆ ಮೊದಲ ನೋಟಕ್ಕೆ ಅಲ್ಲೇನೂ ಇಲ್ಲ. ಹುಲ್ಲು ಬೆಳೆದ ತಗ್ಗು ದಿಬ್ಬಗಳು, ಒಂದು ಸಣ್ಣ ತೊರೆ, ಜೂನ್ ಕೊನೆಯಲ್ಲೂ ಮೂಳೆಗೆ ತಾಗುವ ಗಾಳಿ.

1960ರಲ್ಲಿ ನಾರ್ವೆಯ ಅನ್ವೇಷಕ ಹೆಲ್ಗೆ ಇಂಗ್‌ಸ್ಟಾಡ್ ಕರಾವಳಿಯುದ್ದಕ್ಕೂ ಹಳೆಯ ಪಾಳುಗಳನ್ನು ವಿಚಾರಿಸುತ್ತ ಬಂದಾಗ ಊರಿನ ಮೀನುಗಾರ ಜಾರ್ಜ್ ಡೆಕರ್ ಈ ದಿಬ್ಬಗಳನ್ನು ತೋರಿಸಿದರು. ಊರವರು ಅವನ್ನು ಮೂಲನಿವಾಸಿಗಳ ಹಳೆಯ ಬಿಡಾರ ಎಂದುಕೊಂಡಿದ್ದರು. ಉತ್ಖನನ ನಡೆಸಿದವರು ಇಂಗ್‌ಸ್ಟಾಡರ ಪತ್ನಿ, ಪುರಾತತ್ತ್ವಜ್ಞೆ ಆನ್ನೆ ಸ್ಟೀನೆ, 1961ರಿಂದ 1968ರವರೆಗೆ. ಬೇರುಸಮೇತ ಕತ್ತರಿಸಿದ ಹುಲ್ಲುಹೆಂಟೆಗಳನ್ನು ಪೇರಿಸಿ ಕಟ್ಟಿದ ಎಂಟು ಕಟ್ಟಡಗಳು ಹೊರಬಂದವು. ಐಸ್‌ಲ್ಯಾಂಡಿನ ಆ ಕಾಲದ ಮನೆಗಳು ಇರುವುದೂ ಹೀಗೆಯೇ. ಮೇಲಂಗಿಗೆ ಚುಚ್ಚುವ ಕಂಚಿನ ಬಳೆಪಿನ್ನು, ನೂಲುವ ಕದಿರಿನ ಕಲ್ಲುಬಿಲ್ಲೆ, ಹಡಗಿನ ಮೊಳೆಗಳು, ಜೌಗಿನ ಅದಿರನ್ನು ಕರಗಿಸಿದ ಒಲೆ ಮತ್ತು ಕಿಟ್ಟ ಸಿಕ್ಕವು. ಕಬ್ಬಿಣ ಕರಗಿಸುವ ವಿದ್ಯೆ ಆ ದ್ವೀಪದ ಮೂಲನಿವಾಸಿಗಳಲ್ಲಿ ಇರಲಿಲ್ಲ. ಯುನೆಸ್ಕೋ 1978ರಲ್ಲಿಯೇ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾಲದ ಬಗ್ಗೆ ಉಳಿದಿದ್ದ ಅನುಮಾನವನ್ನು 2021ರ ಸಂಶೋಧನೆಯೊಂದು ಬಗೆಹರಿಸಿತು, ಮತ್ತು ಅದರ ವಿಧಾನ ಬಹಳ ಚೆಂದವಾಗಿದೆ. ಕ್ರಿ.ಶ. 993ರಲ್ಲಿ ಪ್ರಬಲ ಸೌರ ಚಟುವಟಿಕೆಯಿಂದಾಗಿ ವಾತಾವರಣದಲ್ಲಿ ವಿಕಿರಣಶೀಲ ಇಂಗಾಲ ಒಮ್ಮೆಲೇ ಏರಿತ್ತು. ಆ ವರ್ಷ ಜೀವಂತವಾಗಿದ್ದ ಮರಗಳ ಉಂಗುರದಲ್ಲಿ ಜಗತ್ತಿನಾದ್ಯಂತ ಆ ಗುರುತು ಉಳಿದಿದೆ. ಲಾನ್ಸ್ ಓ ಮೆಡೋಸ್‌ನಲ್ಲಿ ಲೋಹದ ಅಲಗಿನಿಂದ ಕಡಿದ ಮೂರು ಬೇರೆಬೇರೆ ಮರಗಳ ತುಂಡುಗಳಲ್ಲಿ ಆ ಉಂಗುರವನ್ನು ಪತ್ತೆ ಹಚ್ಚಿ, ಅಲ್ಲಿಂದ ತೊಗಟೆಯವರೆಗೆ ಎಣಿಸಿದರು. ಮೂರೂ ಹೇಳಿದ್ದು ಒಂದೇ ವರ್ಷ: 1021. ಲೇಫ್ ಹೋದ ವರ್ಷ ಇದೇ ಎಂದು ಇದರಿಂದ ಹೇಳಲಾಗದು. ಆ ವರ್ಷ ಕಬ್ಬಿಣದ ಕೊಡಲಿ ಹಿಡಿದ ಜನ ಅಲ್ಲಿ ಮರ ಕಡಿಯುತ್ತಿದ್ದರು ಎಂದಷ್ಟೇ ಹೇಳಬಹುದು.

ಕಡಲಹಕ್ಕಿಯವರ ಪ್ರಶ್ನೆಗೆ ಸಂಬಂಧಿಸಿದ ಮಾತೆಂದರೆ, ಅಲ್ಲಿ ಏನು ಸಿಕ್ಕಿತು ಎಂಬುದಕ್ಕಿಂತ ಏನು ಸಿಗಲಿಲ್ಲ ಎಂಬುದೇ ನನಗೆ ಮುಖ್ಯವಾಗಿ ಕಂಡಿತು. ದನದ ಕೊಟ್ಟಿಗೆ ಇಲ್ಲ. ಸಮಾಧಿಗಳಿಲ್ಲ. ಕಸದ ತಿಪ್ಪೆ ಬಹಳ ತೆಳು. ಅಂದರೆ ಅದು ಸಂಸಾರ ಹೂಡಿದ ಊರಾಗಿರಲಿಲ್ಲ. ಹಡಗು ರಿಪೇರಿ ಮಾಡಿಕೊಂಡು, ಚಳಿಗಾಲ ಕಳೆದು, ಇನ್ನೂ ದಕ್ಷಿಣಕ್ಕೆ ಹೋಗಿಬರುವವರ ತಂಗುದಾಣವಾಗಿತ್ತು. ದಕ್ಷಿಣಕ್ಕೆ ಹೋಗಿದ್ದಕ್ಕೂ ಪುರಾವೆ ಇದೆ: ಅಕ್ರೋಟಿನ ಜಾತಿಗೆ ಸೇರಿದ ಬಟರ್‌ನಟ್ ಕಾಯಿಗಳು ಅಲ್ಲಿ ಸಿಕ್ಕಿವೆ. ಆ ಮರ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬೆಳೆಯುವುದೇ ಇಲ್ಲ. ಸೇಂಟ್ ಲಾರೆನ್ಸ್ ಕೊಲ್ಲಿಯ ದಕ್ಷಿಣಕ್ಕೆ, ನ್ಯೂ ಬ್ರನ್ಸ್‌ವಿಕ್ ಕಡೆಗೆ ಇಳಿದರೆ ಮಾತ್ರ ಸಿಗುತ್ತದೆ.

ಸಂದೇಹಿ:

ಲಾನ್ಸ್ ಓ ಮೆಡೋಸ್ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದೇ ವಿನ್‌ಲ್ಯಾಂಡ್ ಎಂದು ಎಲ್ಲೂ ಬರೆದಿಲ್ಲವಲ್ಲ? ವಿನ್‌ಲ್ಯಾಂಡ್ ಎಂದರೆ ದ್ರಾಕ್ಷಿಯ ನಾಡು ಎನ್ನುತ್ತಾರೆ, ಅಲ್ಲಿ ದ್ರಾಕ್ಷಿಯೂ ಬೆಳೆಯುವುದಿಲ್ಲ. ‘ವಿನ್’ ಎಂದರೆ ಹುಲ್ಲುಗಾವಲು, ದ್ರಾಕ್ಷಿಯಲ್ಲ ಎಂಬ ವಾದವನ್ನು ಎಲ್ಲೋ ಓದಿದ ನೆನಪು.

ಹಳೆಮೇಷ್ಟ್ರು:

ಆ ವಾದ ಇದೆ, ಇಂಗ್‌ಸ್ಟಾಡ್ ದಂಪತಿಯೂ ಅದರತ್ತ ಒಲವು ತೋರಿದ್ದರು. ಇಲ್ಲಿ ತೊಡಕು ಹ್ರಸ್ವ-ದೀರ್ಘದ್ದು. ಕನ್ನಡದಲ್ಲಿ ‘ಕಡು’ ಮತ್ತು ‘ಕಾಡು’ ಬೇರೆಯಾದಂತೆಯೇ ಹಳೆಯ ನಾರ್ಸ್ ಭಾಷೆಯಲ್ಲಿ ಹ್ರಸ್ವದ ‘ವಿನ್’ ಎಂದರೆ ಹುಲ್ಲುಗಾವಲು, ದೀರ್ಘದ ‘ವೀನ್’ ಎಂದರೆ ದ್ರಾಕ್ಷಾರಸ. ಸಾಗಾಗಳಲ್ಲಿ ಇರುವುದು ದೀರ್ಘದ ರೂಪ. ಹ್ರಸ್ವದ ಪದ ಆ ಕಾಲಕ್ಕಾಗಲೇ ಹೊಸ ಹೆಸರುಗಳಲ್ಲಿ ಬಳಕೆ ತಪ್ಪಿತ್ತು. ಆಡಂ ಪಾದ್ರಿಯೂ ಅಲ್ಲಿ ದ್ರಾಕ್ಷಿ ತಾನಾಗಿ ಬೆಳೆಯುವುದರಿಂದ ಆ ಹೆಸರು ಎಂದೇ ಬರೆದಿದ್ದಾನೆ. ಹಾಗಾಗಿ ನಾವು ಕನ್ನಡದಲ್ಲಿ ‘ವೀನ್‌ಲ್ಯಾಂಡ್’ ಎಂದು ಬರೆಯುವುದೇ ಸರಿಯೇನೋ. ಆದರೆ ರೂಢಿ ಬಿಡುವುದಿಲ್ಲ.

ದ್ರಾಕ್ಷಿಯ ತೊಡಕಿಗೆ ಉತ್ತರದಿಕ್ಕು ಅವರು ಹೇಳಿದ ಬಟರ್‌ನಟ್ಟೇ ಉತ್ತರ. ಕಾಡುದ್ರಾಕ್ಷಿಯೂ ಆ ಮರವೂ ಬೆಳೆಯುವ ಉತ್ತರದ ಗಡಿ ಹೆಚ್ಚುಕಡಿಮೆ ಒಂದೇ. ವಿನ್‌ಲ್ಯಾಂಡ್ ಎಂಬುದು ಒಂದು ಊರಿನ ಹೆಸರಲ್ಲ, ಸೇಂಟ್ ಲಾರೆನ್ಸ್ ಕೊಲ್ಲಿಯ ಸುತ್ತಲಿನ ಇಡೀ ಪ್ರದೇಶದ ಹೆಸರು, ಲಾನ್ಸ್ ಓ ಮೆಡೋಸ್ ಅದರ ಹೆಬ್ಬಾಗಿಲು ಎಂಬುದು ಅಲ್ಲಿ ಬಹುಕಾಲ ಕೆಲಸ ಮಾಡಿದ ಪುರಾತತ್ತ್ವಜ್ಞೆ ಬಿರ್ಗಿಟ್ಟಾ ವಾಲೇಸ್ ಅವರ ಅಭಿಪ್ರಾಯ. ನನಗೂ ಅದೇ ಸರಿ ಎನಿಸುತ್ತದೆ.

ತೆರೆನೊರೆ:

ನಾನು ಹೊನ್ನಾವರದವನು, ದೋಣಿಯವರ ಮನೆಯಲ್ಲಿ ಬೆಳೆದವನು; ಆದ್ದರಿಂದ ಹಡಗಿನ ವಿಷಯ ಬಂದರೆ ಸುಮ್ಮನಿರಲಾಗದು. ಸಿನಿಮಾಗಳಲ್ಲಿ ತೋರಿಸುವ ಹಾವಿನ ತಲೆಯ ಉದ್ದನೆಯ ಯುದ್ಧನೌಕೆಯಲ್ಲಿ ಯಾರೂ ದನಕರು ತುಂಬಿಕೊಂಡು ಅಟ್ಲಾಂಟಿಕ್ ದಾಟಲಿಲ್ಲ. ಅವರು ಬಳಸಿದ್ದು ‘ಕ್ನಾರ್’ ಎಂಬ ಸರಕು ಹಡಗು: ಗಿಡ್ಡ, ಅಗಲ, ಆಳ. ಡೆನ್ಮಾರ್ಕಿನ ರೋಸ್ಕಿಲ್ಡೆ ಕೊಲ್ಲಿಯಲ್ಲಿ 1962ರಲ್ಲಿ ಎತ್ತಿದ ಐದು ಹಡಗುಗಳಲ್ಲಿ ಒಂದು ಇಂಥದೇ. 1030ರ ಸುಮಾರಿನದು, ಉದ್ದ 16 ಮೀಟರ್, ಹೊರುವ ಭಾರ ಇಪ್ಪತ್ತು ಟನ್ನಿಗೂ ಮೇಲೆ. ಹಲಗೆಗಳನ್ನು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಇನ್ನೊಂದನ್ನು ಇಟ್ಟು ಕಬ್ಬಿಣದ ಮೊಳೆಯಿಂದ ಬಿಗಿಯುತ್ತಿದ್ದರು. ಹೀಗೆ ಕಟ್ಟಿದ ಹಡಗು ಅಲೆಗೆ ಸ್ವಲ್ಪ ಬಾಗುತ್ತದೆ, ಮುರಿಯುವುದಿಲ್ಲ. ಹಾಯಿ ಉಣ್ಣೆಯದು. ಒಂದು ದೊಡ್ಡ ಹಾಯಿಗೆ ಬೇಕಾದ ಉಣ್ಣೆ ನೂಲಲು ಎಷ್ಟು ಹೆಂಗಸರು ಎಷ್ಟು ಚಳಿಗಾಲ ಕೂತಿರಬೇಕು ಎಂದು ಯೋಚಿಸಿ. ಸಾಗಾ ಬರೆದವರಿಗೆ ಅದು ಹೇಳಬೇಕಾದ ವಿಷಯವೇ ಅಲ್ಲ.

ದಿಕ್ಸೂಚಿ ಇರಲಿಲ್ಲ. ಹಾಗಾದರೆ ದಾರಿ? ಐಸ್‌ಲ್ಯಾಂಡಿನ ಹಳೆಯ ಗ್ರಂಥವೊಂದರಲ್ಲಿ ನಾರ್ವೆಯಿಂದ ನೇರ ಗ್ರೀನ್‌ಲ್ಯಾಂಡಿಗೆ ಹೋಗುವ ಸೂಚನೆ ಇದೆ: ಹೆರ್ನಾರ್‌ನಿಂದ ಪಶ್ಚಿಮಕ್ಕೆ ಹಾಯಿ ಬಿಚ್ಚು, ಹವೆ ತಿಳಿಯಾಗಿದ್ದರೆ ಮಾತ್ರ ಶೆಟ್‌ಲ್ಯಾಂಡ್ ಕಾಣುವಷ್ಟು ಅದರ ಉತ್ತರಕ್ಕೆ ಇರು, ಫೇರೋ ದ್ವೀಪಗಳ ದಕ್ಷಿಣಕ್ಕೆ ಹೋಗುವಾಗ ಅಲ್ಲಿನ ಬೆಟ್ಟಗಳು ಅರ್ಧದವರೆಗೆ ಸಮುದ್ರದಲ್ಲಿ ಮುಳುಗಿದಂತೆ ಕಾಣಬೇಕು, ಐಸ್‌ಲ್ಯಾಂಡಿನ ದಕ್ಷಿಣಕ್ಕೆ ಎಷ್ಟು ದೂರವೆಂದರೆ ಅಲ್ಲಿನ ಹಕ್ಕಿಗಳೂ ತಿಮಿಂಗಿಲಗಳೂ ಕಣ್ಣಿಗೆ ಬೀಳುವಷ್ಟು. ಇದು ಪೂರ್ತಿ ಮೀನುಗಾರನ ಭಾಷೆ. ಬೆಟ್ಟದ ಅರ್ಧ ಮುಳುಗಿದೆ ಎಂದರೆ ಭೂಮಿಯ ಉಬ್ಬಿನ ಮರೆಯಲ್ಲಿ ಎಷ್ಟು ದೂರ ಬಂದಿದ್ದೇವೆ ಎಂಬ ಅಳತೆ. ಜೊತೆಗೆ ಮೋಡ ಕವಿದಾಗ ಸೂರ್ಯನನ್ನು ಹುಡುಕಲು ‘ಸೂರ್ಯಶಿಲೆ’ ಎಂಬ ಹರಳನ್ನು ಬಳಸುತ್ತಿದ್ದರು.

ಹಳೆಮೇಷ್ಟ್ರು:

ತೆರೆನೊರೆಯವರೇ, ಕೊನೆಯ ವಾಕ್ಯವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸೊಗಸಾಗಿದೆ. ಸೂರ್ಯಶಿಲೆಯ ಮಾತು ಸಾಹಿತ್ಯದಲ್ಲಿ ಇರುವುದು ನಿಜ, ಆದರೆ ನಾರ್ಸ್ ಹಡಗಿನ ಅವಶೇಷಗಳಲ್ಲಿ ಅಂಥ ಹರಳು ಸಿಕ್ಕಿಲ್ಲ. ಪತ್ರಿಕೆಗಳಲ್ಲಿ ಸುದ್ದಿಯಾದ ಹರಳು 1592ರಲ್ಲಿ ಆಲ್ಡರ್ನಿ ದ್ವೀಪದ ಬಳಿ ಮುಳುಗಿದ ಇಂಗ್ಲಿಷ್ ಹಡಗಿನದು. ಪ್ರಯೋಗಶಾಲೆಯಲ್ಲಿ ಸಾಧ್ಯವಾಗುವುದಕ್ಕೂ ಅವರು ಮಾಡಿದ್ದರು ಎನ್ನುವುದಕ್ಕೂ ಅಂತರವಿದೆ.

ತೆರೆನೊರೆ:

ತಿದ್ದಿದ್ದಕ್ಕೆ ಧನ್ಯವಾದ ಮೇಷ್ಟ್ರೇ. ಹಕ್ಕಿ, ತಿಮಿಂಗಿಲ, ಬೆಟ್ಟ ಇದ್ದ ಮೇಲೆ ಹರಳು ಯಾಕೆ ಬೇಕು ಬಿಡಿ.

ಬೂದಿಪದರ:

ಮೂಲ ಪ್ರಶ್ನೆಗೆ ಬರುತ್ತೇನೆ. ನಾನು ಭೂವಿಜ್ಞಾನ ಓದಿದವನು, ಆದ್ದರಿಂದ ನೆಲದಿಂದಲೇ ಆರಂಭಿಸುತ್ತೇನೆ. ವಿನ್‌ಲ್ಯಾಂಡಿನಲ್ಲಿ ಏಕೆ ಆಗಲಿಲ್ಲ ಎಂಬುದು ಅರ್ಥವಾಗಬೇಕಾದರೆ ಐಸ್‌ಲ್ಯಾಂಡಿನಲ್ಲಿ ಏಕೆ ಆಯಿತು ಎಂಬುದನ್ನು ನೋಡಬೇಕು.

ಐಸ್‌ಲ್ಯಾಂಡಿನ ಬಹುಭಾಗದಲ್ಲಿ ಮಣ್ಣು ಅಗೆದರೆ 870ರ ದಶಕದ ಜ್ವಾಲಾಮುಖಿಯ ಬೂದಿಯ ಒಂದು ತೆಳು ಪದರ ಸಿಗುತ್ತದೆ. ಗ್ರೀನ್‌ಲ್ಯಾಂಡಿನ ಹಿಮಗಡ್ಡೆಯಲ್ಲಿ ಅದೇ ಬೂದಿ ಸಿಕ್ಕಿದ್ದರಿಂದ ಅದರ ಕಾಲವನ್ನು ಅಷ್ಟು ಖಚಿತವಾಗಿ ಹೇಳಬಹುದು. ಮನುಷ್ಯರ ಮನೆಮಾರುಗಳ ಕುರುಹು ಬಹುಮಟ್ಟಿಗೆ ಅದರ ಮೇಲೆಯೇ ಇದೆ. ಇಂಗೋಲ್ಫ್ ಆರ್ನರ್ಸನ್ 874ರಲ್ಲಿ ನೆಲೆಸಿದ ಎಂಬ ಸಂಪ್ರದಾಯದ ಲೆಕ್ಕಕ್ಕೂ ಮಣ್ಣಿನ ಲೆಕ್ಕಕ್ಕೂ ಇಷ್ಟು ಹೊಂದಾಣಿಕೆ ಇರುವುದು ಅಪರೂಪ. ತನ್ನ ಪೀಠದ ಕಂಬಗಳನ್ನು ಸಮುದ್ರಕ್ಕೆ ಎಸೆದು, ಅವು ದಡ ಸೇರಿದಲ್ಲಿ ಮನೆ ಕಟ್ಟುತ್ತೇನೆ ಎಂದವನು ಅವನು. ಆಳುಗಳು ಹುಡುಕಿ ಹುಡುಕಿ ಅವನ್ನು ಕಂಡ ಜಾಗವೇ ಇಂದಿನ ರೇಕ್ಯಾವಿಕ್.

ಮುಖ್ಯ ಸಂಗತಿ ಎಂದರೆ ಆ ನೆಲ ಖಾಲಿ ಇತ್ತು. ಕೆಲವು ಐರಿಷ್ ಸನ್ಯಾಸಿಗಳು ಇದ್ದರು, ನಾರ್ಸರು ಬಂದ ಮೇಲೆ ಹೊರಟುಹೋದರು ಎಂದು ಐಸ್‌ಲ್ಯಾಂಡಿನ ಇತಿಹಾಸಕಾರ ಆರಿ ಥೋರ್ಗಿಲ್ಸನ್ ಹನ್ನೆರಡನೆಯ ಶತಮಾನದಲ್ಲಿ ಬರೆದಿದ್ದಾನೆ, ಅಷ್ಟೇ. ಎದುರಿಸಿ ನಿಲ್ಲುವವರು ಯಾರೂ ಇರಲಿಲ್ಲವಾದ್ದರಿಂದ ಭೂಮಿ ಹಿಡಿಯುವ ನಿಯಮಗಳು ತಮ್ಮತಮ್ಮಲ್ಲಿನ ಜಗಳ ತಪ್ಪಿಸಲು ಮಾತ್ರ ಬೇಕಾದವು. ಹೆಣ್ಣೊಬ್ಬಳು ಎರಡು ವರ್ಷದ ಕಡಸೊಂದನ್ನು ಹಿಡಿದುಕೊಂಡು ವಸಂತದ ಒಂದು ದಿನ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಎಷ್ಟು ನೆಲವನ್ನು ಸುತ್ತಿ ಬರಬಲ್ಲಳೋ ಅಷ್ಟು ಅವಳದು ಎಂಬ ನಿಯಮವೂ ದಾಖಲಾಗಿದೆ.

ಎರಡನೆಯದು ಹತ್ತಿರದ ಜನಬಲ. ನಾರ್ವೆಯಿಂದ, ಸ್ಕಾಟ್ಲೆಂಡಿನ ದ್ವೀಪಗಳಿಂದ, ಐರ್ಲೆಂಡಿನಿಂದ ಎರಡು ಪೀಳಿಗೆಗಳ ಕಾಲ ಹಡಗುಗಳು ಬರುತ್ತಲೇ ಇದ್ದವು. ಎಲ್ಲರೂ ಇಚ್ಛೆಯಿಂದ ಬಂದವರಲ್ಲ. ಇಂದಿನ ಐಸ್‌ಲ್ಯಾಂಡಿನವರ ತಾಯಿಯ ಕಡೆಯ ವಂಶವಾಹಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬ್ರಿಟನ್-ಐರ್ಲೆಂಡ್ ಮೂಲದ್ದು, ತಂದೆಯ ಕಡೆಯದು ಬಹುಪಾಲು ಸ್ಕ್ಯಾಂಡಿನೇವಿಯದ್ದು. ಈ ಅಸಮತೋಲನದ ಹಿಂದೆ ಮದುವೆಗಳೂ ಇವೆ, ಗುಲಾಮಗಿರಿಯೂ ಇದೆ. ಇಂಗೋಲ್ಫನ ಜೊತೆಗಾರ ಹ್ಯೋರ್ಲೇಫ್‌ನನ್ನು ಅವನ ಐರಿಷ್ ಗುಲಾಮರೇ ಕೊಂದು ತಪ್ಪಿಸಿಕೊಂಡ ಕತೆ ಅಲ್ಲಿನ ಮೊದಲ ಕತೆಗಳಲ್ಲಿ ಒಂದು.

ಈಗ ವಿನ್‌ಲ್ಯಾಂಡಿಗೆ ಬನ್ನಿ. ಅಲ್ಲಿಗೆ ಜನ ಕಳಿಸಬೇಕಾದದ್ದು ನಾರ್ವೆಯಲ್ಲ, ಆಗತಾನೇ ಹುಟ್ಟಿದ ಗ್ರೀನ್‌ಲ್ಯಾಂಡ್. ಹದಿನಾಲ್ಕು ಹಡಗುಗಳಲ್ಲಿ ಇಳಿದವರು ನಾನೂರು ಐನೂರು ಜನ ಇರಬಹುದು. ಲಾನ್ಸ್ ಓ ಮೆಡೋಸ್‌ನ ಮೂರು ದೊಡ್ಡ ಮನೆಗಳಲ್ಲಿ 70ರಿಂದ 90 ಜನ ಇರಬಹುದಿತ್ತು ಎಂದು ಅಂದಾಜು. ಕಾರ್ಲ್ಸೆಫ್ನಿಯ ಜೊತೆ 60 ಗಂಡಸರು, 5 ಹೆಂಗಸರು ಎಂದು ಒಂದು ಸಾಗಾ ಹೇಳುತ್ತದೆ. ಅಂದರೆ ದುಡಿಯುವ ವಯಸ್ಸಿನ ಗಂಡಸರಲ್ಲಿ ದೊಡ್ಡ ಪಾಲೊಂದು ಬೇಸಿಗೆಯಲ್ಲಿ ಊರಲ್ಲಿಲ್ಲ! ಅದೇ ಬೇಸಿಗೆಯಲ್ಲಿ ಹುಲ್ಲು ಕೊಯ್ದು ಒಣಗಿಸಬೇಕು, ಇಲ್ಲದಿದ್ದರೆ ಚಳಿಗಾಲದಲ್ಲಿ ದನ ಸಾಯುತ್ತವೆ, ದನ ಸತ್ತರೆ ಜನ. ವಿನ್‌ಲ್ಯಾಂಡನ್ನು ಮುಗಿಸಿದ್ದು ಬಾಣಗಳಿಗಿಂತ ಮೊದಲು ಈ ಲೆಕ್ಕ ಎಂಬುದು ನನ್ನ ಅಭಿಪ್ರಾಯ.

ಕಡಲಹಕ್ಕಿ:

ಬೂದಿಪದರ ಅವರ ಲೆಕ್ಕ ಮನಸ್ಸಿಗೆ ನಾಟಿತು. ಆದರೂ ಬಾಣಗಳನ್ನು ಅಷ್ಟು ಸುಲಭವಾಗಿ ಬದಿಗಿಡಬಹುದೇ? ಲೇಫ್‌ನ ತಮ್ಮ ಥೋರ್ವಾಲ್ಡ್ ಸತ್ತದ್ದು ಬಾಣದಿಂದಲೇ. ಆ ಜಗಳ ಶುರುವಾದದ್ದೂ ನಾರ್ಸರಿಂದ: ತೊಗಲ ದೋಣಿಗಳ ಕೆಳಗೆ ಮಲಗಿದ್ದ ಒಂಬತ್ತು ಜನರಲ್ಲಿ ಎಂಟು ಜನರನ್ನು ಹಿಡಿದು ಕೊಂದದ್ದು ಇವರೇ. ಕಾರ್ಲ್ಸೆಫ್ನಿಯ ಕಾಲದಲ್ಲಿ ತುಪ್ಪುಳದ ಚರ್ಮಕ್ಕೆ ಹಾಲಿನ ಪದಾರ್ಥ, ಕೆಂಪು ಬಟ್ಟೆ ಕೊಡುವ ವ್ಯಾಪಾರವೂ ನಡೆದಿತ್ತು, ಆಮೇಲೆ ಕಾದಾಟ. ಇನ್ನೊಂದು ಮಾತು: ಐಸ್‌ಲ್ಯಾಂಡ್ ಖಾಲಿ ಇತ್ತು ಸರಿ, ಗ್ರೀನ್‌ಲ್ಯಾಂಡಿನಲ್ಲಿ ಇನುಯಿಟ್ ಜನ ಇದ್ದರಲ್ಲ? ಅಲ್ಲಿ ಹೇಗೆ ಉಳಿದರು?

ಬೂದಿಪದರ:

ನೀವು ಹೇಳಿದ ಹಾಗೆ ಬಾಣಗಳನ್ನು ಪೂರ್ತಿ ಬದಿಗಿಡಲಾಗದು. ನಾನು ಸ್ವಲ್ಪ ಹೆಚ್ಚೇ ಹೇಳಿದೆ. ಅರವತ್ತು ಜನರ ಗುಂಪಿನಲ್ಲಿ ಇಬ್ಬರು ಸತ್ತರೂ ಅದು ತುಂಬಲಾಗದ ನಷ್ಟ, ಎದುರಿನವರಿಗೆ ಹಾಗಲ್ಲ. ಎರಡೂ ಕಾರಣಗಳು ಒಂದನ್ನೊಂದು ಹೆಣೆದುಕೊಂಡಿವೆ.

ಗ್ರೀನ್‌ಲ್ಯಾಂಡಿನ ವಿಷಯದಲ್ಲಿ ಒಂದು ತಿದ್ದುಪಡಿ. ಎರಿಕ್ ಹೋದಾಗ ನೈಋತ್ಯದ ಆ ಕೊಲ್ಲಿಗಳಲ್ಲಿ ಜನ ಇರಲಿಲ್ಲ. ಹಿಂದೆ ಇದ್ದವರ ಮನೆಗಳ ಕುರುಹು, ತೊಗಲ ದೋಣಿಯ ಚೂರುಗಳು, ಕಲ್ಲಿನ ಉಪಕರಣಗಳು ಮಾತ್ರ ಕಂಡವು ಎಂದು ಆರಿಯೇ ಬರೆದಿದ್ದಾನೆ. ಇಂದಿನ ಇನುಯಿಟ್ ಜನರ ಪೂರ್ವಜರು ಪಶ್ಚಿಮದಿಂದ ಗ್ರೀನ್‌ಲ್ಯಾಂಡಿಗೆ ಬಂದದ್ದು ಅದಕ್ಕೆ ಸುಮಾರು ಎರಡು ಶತಮಾನಗಳ ನಂತರ. ಹಾಗಾಗಿ ಅಲ್ಲಿ ನಾರ್ಸರೇ ಮೊದಲು ಬಂದ ‘ಹಳಬರು’.

ಹಳೆಮೇಷ್ಟ್ರು:

ಇದಕ್ಕೆ ಒಂದು ಮಾತು ಸೇರಿಸಬೇಕು. ಗ್ರೀನ್‌ಲ್ಯಾಂಡಿನಲ್ಲಿ ಅವರನ್ನು ಉಳಿಸಿದ್ದು ಹಸು ಕುರಿ ಮಾತ್ರವಲ್ಲ, ಉತ್ತರದ ಹಿಮಗಡಲಿನ ದೊಡ್ಡ ಪ್ರಾಣಿ ವಾಲ್ರಸ್‌ನ ದಂತ. ಯೂರೋಪಿಗೆ ಆನೆಯ ದಂತ ವಿರಳವಾಗಿದ್ದ ಕಾಲದಲ್ಲಿ ಶಿಲುಬೆ, ಪೆಟ್ಟಿಗೆ, ಚದುರಂಗದ ಕಾಯಿ ಎಲ್ಲಕ್ಕೂ ಅದೇ ಆಗಬೇಕಿತ್ತು. ಪ್ರತಿ ಬೇಸಿಗೆ ಬೇಟೆಗಾರರು ಮನೆಯಿಂದ ನೂರಾರು ಕಿಲೋಮೀಟರ್ ಉತ್ತರಕ್ಕೆ, ಡಿಸ್ಕೋ ಕೊಲ್ಲಿಯ ಕಡೆ ಹೋಗುತ್ತಿದ್ದರು. ಅದಕ್ಕೂ ಬಹಳ ಆಚೆ, 73 ಡಿಗ್ರಿ ಅಕ್ಷಾಂಶದ ಹತ್ತಿರ, ಮೂವರು ನಾರ್ಸರು ತಮ್ಮ ಹೆಸರು ಕೆತ್ತಿಟ್ಟ ಅಂಗೈಯಷ್ಟು ಕಲ್ಲೊಂದು 1824ರಲ್ಲಿ ಸಿಕ್ಕಿತು. ಯೂರೋಪಿನ ವಸ್ತುಸಂಗ್ರಹಾಲಯಗಳಲ್ಲಿರುವ ವಾಲ್ರಸ್ ಮೂಳೆಗಳ ಡಿಎನ್ಎ ಪರೀಕ್ಷಿಸಿದಾಗ, ಹನ್ನೆರಡನೆಯ ಶತಮಾನದ ನಂತರದ ಬಹುಪಾಲು ಪಶ್ಚಿಮ ಗ್ರೀನ್‌ಲ್ಯಾಂಡ್ ಕಡೆಯದು ಎಂದು ತಿಳಿದುಬಂತು. ಆ ದಂತದ ಬೆಲೆಯಿಂದಲೇ ಅವರಿಗೆ ಕಬ್ಬಿಣ ಬಂತು, ಗಾರ್ಡರ್‌ನಲ್ಲಿ ಬಿಷಪ್ ಪೀಠ ಬಂತು, ಸುಮಾರು ನೂರು ಹಸು ಕಟ್ಟುವ ಬಿಷಪ್ಪರ ಕೊಟ್ಟಿಗೆಯೂ ಬಂತು.

ವಿನ್‌ಲ್ಯಾಂಡ್ ಇಂಥದ್ದೇನನ್ನೂ ಕೊಡಲಿಲ್ಲ. ಮರ, ದ್ರಾಕ್ಷಿ, ತುಪ್ಪುಳದ ಚರ್ಮ: ಮೂರೂ ಯೂರೋಪಿನಲ್ಲಿ ನಾರ್ವೆಯಿಂದಲೋ ರಷ್ಯಾದಿಂದಲೋ ಇನ್ನೂ ಹತ್ತಿರದಲ್ಲಿ ಸಿಗುತ್ತಿದ್ದವು. ಅಷ್ಟು ದೂರದ ದಾರಿಯ ಖರ್ಚನ್ನು ಹೊರುವಂಥ ಸರಕು ಅಲ್ಲಿರಲಿಲ್ಲ. ಕಡಲಹಕ್ಕಿಯವರು ‘ಸಮೃದ್ಧ ನೆಲ’ ಎಂದರು. ರೈತನಿಗೆ ಸಮೃದ್ಧ, ವ್ಯಾಪಾರಿಗೆ ಅಲ್ಲ. ಕಾರ್ಲ್ಸೆಫ್ನಿ ವ್ಯಾಪಾರಿಯಾಗಿದ್ದ. ಅವನು ಹಿಂದಿರುಗಿ ಐಸ್‌ಲ್ಯಾಂಡಿನಲ್ಲಿ ಜಮೀನು ಕೊಂಡ. ಅವನು ಸತ್ತ ಮೇಲೆ ಗುದ್ರಿದ್ ರೋಮಿಗೆ ಯಾತ್ರೆ ಹೋಗಿ ಬಂದು ಸನ್ಯಾಸಿನಿಯಾದಳು ಎನ್ನುತ್ತದೆ ಸಾಗಾ. ಅಮೆರಿಕವನ್ನೂ ರೋಮನ್ನೂ ಕಂಡ ಹೆಣ್ಣುಮಗಳು, ಹನ್ನೊಂದನೆಯ ಶತಮಾನದಲ್ಲಿ!

ಸಂದೇಹಿ:

ಹಾಗಾದರೆ ಗ್ರೀನ್‌ಲ್ಯಾಂಡೂ ಕೊನೆಗೆ ಬಿದ್ದದ್ದು ಆ ದಂತದ ಬೆಲೆ ಬಿದ್ದುದರಿಂದಲೇ? ಚಳಿ ಹೆಚ್ಚಿದ್ದರಿಂದ ಸತ್ತರು, ಮೀನು ತಿನ್ನಲು ಒಪ್ಪದೆ ಸತ್ತರು ಎಂದೆಲ್ಲ ಓದಿದ್ದೇನೆ.

ಬೂದಿಪದರ:

ಸಮುದ್ರದ ಆಹಾರ ತಿನ್ನಲಿಲ್ಲ ಎಂಬುದು ನಿಲ್ಲುವುದಿಲ್ಲ. ಸಮಾಧಿಗಳ ಮೂಳೆಗಳನ್ನು ಪರೀಕ್ಷಿಸಿದರೆ, ಆರಂಭದಲ್ಲಿ ಕಡಿಮೆ ಇದ್ದ ಸಮುದ್ರದ ಆಹಾರ ಕೊನೆಯ ಕಾಲದಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚಾಗಿದೆ. ಮುಖ್ಯವಾಗಿ ಸೀಲ್ ಮಾಂಸ. ಅವರು ಬದಲಾದರು. ಹದಿಮೂರನೆಯ ಶತಮಾನದಿಂದ ಆಫ್ರಿಕದ ಆನೆದಂತ ಮತ್ತೆ ಯೂರೋಪಿಗೆ ಹರಿದು ಬರತೊಡಗಿತು, 1349ರಲ್ಲಿ ಪ್ಲೇಗ್ ನಾರ್ವೆಯನ್ನು ಹೊಕ್ಕಿತು, ಸಮುದ್ರದಲ್ಲಿ ಮಂಜುಗಡ್ಡೆ ಹೆಚ್ಚಿತು, ಹಡಗುಗಳು ವಿರಳವಾದವು. 2022ರಲ್ಲಿ ಪ್ರಕಟವಾದ ಕೆರೆಯ ಹೂಳಿನ ಅಧ್ಯಯನವೊಂದು ಚಳಿಗಿಂತ ಒಣಹವೆಯೇ ಗ್ರೀನ್‌ಲ್ಯಾಂಡಿನ ಎರಡು ನಾರ್ಸ್ ನೆಲೆಗಳಲ್ಲಿ ಒಂದಾದ ಪೂರ್ವ ನೆಲೆಯ ಹುಲ್ಲುಗಾವಲನ್ನು ಕೆಡಿಸಿತು ಎನ್ನುತ್ತದೆ. ಪಶ್ಚಿಮ ನೆಲೆ ಹದಿನಾಲ್ಕನೆಯ ಶತಮಾನದ ನಡುವೆಯೇ ಬರಿದಾಯಿತು. ಪೂರ್ವ ನೆಲೆಯ ಕೊನೆಯ ಲಿಖಿತ ಸುದ್ದಿ 1408ರ ಸೆಪ್ಟೆಂಬರ್‌ನಲ್ಲಿ ಹ್ವಾಲ್ಸೆ ಚರ್ಚಿನಲ್ಲಿ ನಡೆದ ಒಂದು ಮದುವೆ. ವಧೂವರರು ಐಸ್‌ಲ್ಯಾಂಡಿಗೆ ಹೋಗಿ ನೆಲೆಸಿದ್ದರಿಂದ, ಮದುವೆ ನಡೆದದ್ದು ಹೌದು ಎಂಬ ಸಾಕ್ಷಿಪತ್ರಗಳು ಬೇಕಾದವು, ಉಳಿದವು. ಆ ಚರ್ಚಿನ ಕಲ್ಲುಗೋಡೆಗಳು ಇಂದಿಗೂ ನಿಂತಿವೆ.

ಉತ್ತರದಿಕ್ಕು:

ಒಂದು ವಿಷಯ ಹೇಳದೆ ಹೋದರೆ ಕಡಲಹಕ್ಕಿಯವರ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಂತಾಗುತ್ತದೆ. ‘ಬಿಟ್ಟು ಬಂದರು’ ಎಂದರೆ ಮತ್ತೆ ಆ ಕಡೆ ತಲೆ ಹಾಕಲಿಲ್ಲ ಎಂದಲ್ಲ. ಮಾರ್ಕ್‌ಲ್ಯಾಂಡಿಗೆ ಹೋಗಿದ್ದ ಗ್ರೀನ್‌ಲ್ಯಾಂಡಿನ ಸಣ್ಣ ಹಡಗೊಂದು ಲಂಗರು ಕಳೆದುಕೊಂಡು, ಗಾಳಿಗೆ ಸಿಕ್ಕಿ ಐಸ್‌ಲ್ಯಾಂಡಿಗೆ ಬಂದು ಸೇರಿತು ಎಂದು ಐಸ್‌ಲ್ಯಾಂಡಿನ ವಾರ್ಷಿಕ ದಾಖಲೆಗಳಲ್ಲಿ 1347ರ ನಮೂದಿದೆ. ಬರೆದವನಿಗೆ ಮಾರ್ಕ್‌ಲ್ಯಾಂಡ್ ಎಲ್ಲಿದೆ ಎಂದು ವಿವರಿಸುವ ಅಗತ್ಯವೇ ಕಾಣಲಿಲ್ಲ. ಲೇಫ್ ಹೋಗಿ ಮೂರೂವರೆ ಶತಮಾನವಾಗಿತ್ತು.

2023ರಲ್ಲಿ ಗ್ರೀನ್‌ಲ್ಯಾಂಡಿನ ನಾರ್ಸ್ ಮನೆಗಳಲ್ಲಿ ಸಿಕ್ಕ ಎಂಟು ಸಾವಿರಕ್ಕೂ ಹೆಚ್ಚು ಮರದ ತುಂಡುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವರದಿ ಬಂತು. ಬಹುಪಾಲು ಅಲೆಯಲ್ಲಿ ತೇಲಿ ಬಂದ ಮರ, ಇಲ್ಲವೇ ಅಲ್ಲಿನದೇ ಗಿಡ್ಡ ಮರ. ಆದರೆ ಕೆಲವೇ ತುಂಡುಗಳು ಹೆಮ್‌ಲಾಕ್ ಮತ್ತು ಜ್ಯಾಕ್ ಪೈನ್‌ನವು. ಆ ಕಾಲದ ಉತ್ತರ ಯೂರೋಪಿನಲ್ಲಿ ಇರದಿದ್ದ, ಉತ್ತರ ಅಮೆರಿಕದಿಂದಷ್ಟೇ ಬರಬಹುದಾಗಿದ್ದ ಮರಗಳು. ಅವರು ಅಲ್ಲಿ ಮನೆ ಮಾಡಲಿಲ್ಲ. ಮರ ಬೇಕಾದಾಗ ಹೋಗಿ ಕಡಿದು ತಂದರು.